ಇಪ್ಪತ್ನಾಲ್ಕು ತಾಸಿನ ಪಾಸು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಶಾಲೆಯ ಮಕ್ಕಳಿಂದ ಹಿಡಿದು ನನ್ನ ಅತ್ತೆಯವರೆಗೆ ಎಲ್ಲರೂ ಹೇಳಿದ್ದಾರೆ. ಇರಬಹುದು. ಬಂದ ಸಿಟ್ಟು ಬಂದಷ್ಟೇ ಬೇಗ ಹೋಗುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಆದರೆ ಒಂದು ಸಿಟ್ಟು ಹೋಗಿರಲಿಲ್ಲ. ಅದನ್ನು ಇಪ್ಪತ್ತಾರು ವರ್ಷ ಯಾರ ಕಣ್ಣಿಗೂ ಬೀಳದ ಹಾಗೆ ಇಟ್ಟುಕೊಂಡಿದ್ದೆ, ಅದೂ ಒಂದು ಬಸ್ ಪಾಸಿನ ವಿಷಯಕ್ಕೆ. ಹೋದ ವರ್ಷ ಹೈದರಾಬಾದಿಗೆ ಹೋಗಿ, ಅಲ್ಲಿ ಯಾವ ಪಾಸು ತೆಗೆಸಬೇಕೆಂದು ಗಂಡ ಹೆಂಡತಿ ಜಗಳಾಡದೆ ಇದ್ದಿದ್ದರೆ ಅದು ಇನ್ನೂ ಹಾಗೇ ಇರುತ್ತಿತ್ತು.

ನಮ್ಮ ಮನೆಯವರು ಕಂಡಕ್ಟರ್ ಆಗಿದ್ದರು. ಮನೆ ಬಸವಕಲ್ಯಾಣದಲ್ಲಿ, ಅವರ ಡಿಪೋ ಹುಮನಾಬಾದಿನಲ್ಲಿ, ನಾನು ಪಾಠ ಹೇಳುವ ಶಾಲೆ ಮಂಠಾಳದಲ್ಲಿ. ಅವರು ಬೆಳಗಿನ ಮೊದಲ ಗಾಡಿ ಹಿಡಿದು ಹುಮನಾಬಾದಿಗೆ ಹೋಗುತ್ತಿದ್ದರು, ನಾನು ಎಂಟೂವರೆ ಗಾಡಿಗೆ ಮಂಠಾಳಕ್ಕೆ. ಇಬ್ಬರ ಆಯುಷ್ಯವೂ ಬಸ್ಸಿನಲ್ಲೇ ಕಳೆಯಿತು, ಆದರೆ ಒಂದೇ ಬಸ್ಸಿನಲ್ಲಿ ಅಲ್ಲ. ಒಂದು ತಿಂಗಳು ಮಾತ್ರ ಅವರನ್ನು ಮಂಠಾಳದ ಗಾಡಿಗೆ ಹಾಕಿದರು.

ಆ ತಿಂಗಳ ಒಂದನೇ ತಾರೀಖು. ನಮಗೆ ಮದುವೆಯಾಗಿ ಮೂರು ವರ್ಷ. ಆಗ ನಾವು ಮೂವರು ಟೀಚರುಗಳು ತಿಂಗಳ ಪಾಸು ಮಾಡಿಸಿ ಓಡಾಡುತ್ತಿದ್ದೆವು. ಹಳೆಯ ಪಾಸು ತಿಂಗಳ ಕೊನೆಗೆ ಮುಗಿಯುತ್ತಿತ್ತು, ಹೊಸದರ ಕೌಂಟರ್ ತೆರೆಯುವುದು ಹತ್ತಕ್ಕೆ, ನಮ್ಮ ಗಾಡಿ ಎಂಟೂವರೆಗೆ. ಹಾಗಾಗಿ ಒಂದನೇ ತಾರೀಖಿಗೆ ಯಾವ ಕಂಡಕ್ಟರೂ ಪಾಸು ಕೇಳುತ್ತಿರಲಿಲ್ಲ. ಎಲ್ಲೂ ಬರೆದಿಟ್ಟ ನಿಯಮವಲ್ಲ, ನಡೆದುಕೊಂಡು ಬಂದ ರೂಢಿ. ಗಂಡನ ಗಾಡಿ ಎಂದು ನಾನು ಆ ದಿನ ಹೊಸ ಸೀರೆ ಉಟ್ಟಿದ್ದೆ. ಒಳಗೊಳಗೇ ಹೆಮ್ಮೆ, ಸುಳ್ಳು ಯಾಕೆ ಹೇಳಲಿ.

ಮೂವರೂ ಒಂದೇ ಸೀಟಿನಲ್ಲಿ ಕೂತಿದ್ದೆವು. ಅವರು ಬಂದು ಮೊದಲನೆಯವರನ್ನು ಕೇಳಿದರು, "ಟೀಚರ್, ಪಾಸ್?"

"ಇವತ್ತ ಒಂದನೇ ತಾರೀಖಲ್ರಿ."

"ಹೌದ್ರಿ, ನಾಳೆ ತೋರಸ್ರಿ." ಎರಡನೆಯವರಿಗೂ ಅದೇ ಮಾತು. ನನ್ನ ಹತ್ತಿರ ಬಂದು, "ನೀವು ತಿಕೀಟ್ ತಗೋರಿ" ಎಂದರು.

ಚಾಷ್ಟಿ ಮಾಡುತ್ತಿದ್ದಾರೆ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ. ಕೈ ಚಾಚಿ ನಿಂತೇ ಇದ್ದರು. ಮನೆಯಲ್ಲಿ 'ನೀ' ಎನ್ನುವ ಗಂಡ ಅಲ್ಲಿ 'ನೀವು' ಎಂದದ್ದು ಬೇರೆ! ಪರ್ಸಿನಿಂದ ಚಿಲ್ಲರೆ ಹುಡುಕಿ ಕೊಡುವಷ್ಟರಲ್ಲಿ ಇಡೀ ಗಾಡಿ ನನ್ನ ಕಡೆ ತಿರುಗಿತ್ತು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಪಕ್ಕದ ಇಬ್ಬರು ಟೀಚರುಗಳು ಕಿಟಕಿಯಾಚೆ ನೋಡತೊಡಗಿದರು. ಇವರೋ, ತಿಕೀಟು ಹರಿದು ಕೊಟ್ಟು, ಲೆಕ್ಕ ಬರೆಯುವ ವೇಬಿಲ್ ಹಾಳೆಯ ಮೇಲೆ ತಲೆ ಬಗ್ಗಿಸಿ ನಿಂತುಬಿಟ್ಟರು.

ಆ ಸಂಜೆ ರೊಟ್ಟಿ ಬಡಿಸುತ್ತಾ ಕೇಳಿದೆ, "ಅವರಿಬ್ಬರನ್ನ ಬಿಟ್ಟು ನನಗೊಬ್ಬಾಕಿಗೆ ಯಾಕ?"

"ಹೆಂಡತಿನ್ನ ಪುಕ್ಕಟೆ ಕರಕೊಂಡು ಹೊಂಟಾನ ಅಂತ ಮಂದಿ ಅನ್ನೂದಿಲ್ಲೇನು?"

"ಹಂಗಾದ್ರ ಮೂರೂ ಮಂದಿಗೆ ಹರೀಬೇಕಿತ್ತು."

ಅವರು ಇನ್ನೊಂದು ರೊಟ್ಟಿ ಕೇಳಿದರು, ಹಾಕಿದೆ. ಮಾರನೆಯ ದಿನದಿಂದ ಅವರು ಬಾಗಿಲಲ್ಲಿ ನಿಂತ ಗಾಡಿಯನ್ನು ನಾನು ಹತ್ತಲಿಲ್ಲ. "ಮುಂದಿನದಕ್ಕ ಬರ್ತೀನಿ" ಎಂದು ಗೆಳತಿಯರನ್ನು ಹತ್ತಿಸಿ ನಿಂತುಬಿಡುತ್ತಿದ್ದೆ. ಅವರು ಸೀಟಿ ಊದುತ್ತಿದ್ದರು, ಗಾಡಿ ಹೋಗುತ್ತಿತ್ತು. ಯಾಕೆ ಹತ್ತಲಿಲ್ಲ ಎಂದು ಅವರು ಒಂದು ದಿನವೂ ಕೇಳಲಿಲ್ಲ.

ಅದರಾಚೆ ಸಂಸಾರ ಚೆನ್ನಾಗಿಯೇ ನಡೆಯಿತು. ಆದರೆ ಮದುವೆ ಮುಂಜಿಗೆ ಹೋಗುವಾಗಲೂ ಅವರು ನನ್ನ ಪಕ್ಕ ಕೂತವರಲ್ಲ. ಗಾಡಿ ಹತ್ತಿದರೆ ಸಾಕು, ಆ ಗಾಡಿಯ ಕಂಡಕ್ಟರನ ಹತ್ತಿರ ನಿಂತು ಡ್ಯೂಟಿಯ ಮಾತು. ನಿಂತೇ ರೂಢಿ, ಕೂಡುವುದೇ ಬರುವುದಿಲ್ಲ.

ಅವರು ನಿವೃತ್ತಿಯಾದ ವರ್ಷ, ನನ್ನ ದಸರಾ ರಜೆಯಲ್ಲಿ, ಹೈದರಾಬಾದಿನಲ್ಲಿರುವ ನನ್ನ ತಂಗಿ ನಾಲ್ಕು ದಿನಕ್ಕೆ ಕರೆದಳು. ಇವರು ಆ ಊರಿಗೆ ನೂರಾರು ಸಲ ಗಾಡಿ ತೆಗೆದುಕೊಂಡು ಹೋದವರು. ಆದರೆ ನೋಡಿದ್ದು ಬಸ್ ನಿಲ್ದಾಣ, ಮುಖ ತೊಳೆಯುವ ನಲ್ಲಿ, ಒಂದು ಚಹಾದಂಗಡಿ, ಅಷ್ಟೇ. ಅಲ್ಲಿಂದಲೇ ತಿರುಗಿ ಬಂದುಬಿಡುತ್ತಿದ್ದರು. "ಬರ್ರಿ, ಆ ಬಸ್ ಸ್ಟ್ಯಾಂಡಿನ ಆಚಿ ಏನದ ನೋಡೋಣು" ಎಂದೆ. ನಿಜವಾಗಿ ನನಗೆ ಬೇಕಾಗಿದ್ದು ಬೇರೆ. ನಮ್ಮ ಗುರುತು ಯಾರಿಗೂ ಇಲ್ಲದ ಊರಿನಲ್ಲಿ ಈ ಮನುಷ್ಯ ಒಮ್ಮೆಯಾದರೂ ಪ್ಯಾಸೆಂಜರ್ ಆಗಿ ನನ್ನ ಪಕ್ಕ ಕೂಡಬೇಕು, ಅವತ್ತಿನ ಬಗ್ಗೆ ಒಂದು ಮಾತು ಆಡಬೇಕು. ಒಂದೇ ಮಾತು ಸಾಕಿತ್ತು.

ಹುಮನಾಬಾದಿನಲ್ಲಿ ಗಾಡಿ ಹತ್ತಿದರೆ ಡ್ರೈವರ್ ಕಂಡಕ್ಟರ್ ಇಬ್ಬರೂ ಇವರ ಡಿಪೋದವರೇ! ಮುಗಿಯಿತಲ್ಲ. ಜಹೀರಾಬಾದ್ ದಾಟಿದರೂ ಇವರು ಮುಂದೆ ಇಂಜಿನ್ ಹತ್ತಿರ ನಿಂತು ಹರಟುತ್ತಿದ್ದರು. ನಾನು ಪಕ್ಕದ ಹೆಂಗಸು ಕೊಟ್ಟ ಶೇಂಗಾ ತಿನ್ನುತ್ತಾ ಹೈದರಾಬಾದ್ ಮುಟ್ಟಿದೆ.

ಸಂಜೆ ತಂಗಿ ಪಾಸಿನ ವಿಷಯ ತೆಗೆದಳು. ಸಿಟಿ ಬಸ್ಸಿಗೆ ಒಂದು ದಿನದ ಪಾಸು ಇದೆ, ಗಾಡಿಯಲ್ಲೇ ಕೊಡುತ್ತಾರೆ, ಎಷ್ಟು ಸಲ ಬೇಕಾದರೂ ಹತ್ತಿ ಇಳಿಯಬಹುದು. ಮೆಟ್ರೋ ರೈಲಿಗೆ ಬೇರೆ ಕಾರ್ಡು. ಇವರು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಅವಳನ್ನು ಪರೀಕ್ಷೆಗೆ ಹಿಡಿದರು. ಎಕ್ಸ್‌ಪ್ರೆಸ್ ಗಾಡಿಗೆ ನಡೀತದೇನು? ಎಸಿ ಗಾಡಿಗೆ? ಊರ ಹೊರಗ ಎಲ್ಲಿ ತನಕ? ಫೋಟೋ ಬೇಕೇನು? ಮೂವತ್ತು ವರ್ಷ ಬೇರೆಯವರ ಪಾಸು ನೋಡಿದವರಿಗೆ ತಮ್ಮದೊಂದು ಪಾಸು ತೆಗೆಸುವುದು ಇದೇ ಮೊದಲು. ಕಣ್ಣು ಮಿನುಗುತ್ತಿದ್ದವು. ನಿವೃತ್ತಿಯಾದ ಮೇಲೆ ಅಷ್ಟು ಹುರುಪಿನಿಂದ ಅವರು ಮಾತಾಡಿದ್ದನ್ನು ನಾನು ನೋಡಿರಲಿಲ್ಲ.

ನಾನು ಒಂದೇ ಪ್ರಶ್ನೆ ಕೇಳಿದೆ. "ಮೆಟ್ರೋದಾಗ ಪಾಸ್ ತೋರಸ್ರಿ ಅಂತ ಯಾರ ಕೇಳ್ತಾರ?"

"ಯಾರೂ ಕೇಳಂಗಿಲ್ಲಕ್ಕಾ. ಕಾರ್ಡ್ ಮುಟ್ಟಿಸಿದ್ರ ಗೇಟ್ ತಾನೇ ತೆರೀತದ."

"ನನಗ ಅದೇ ಬೇಕು."

ಇವರು ನನ್ನ ಮುಖ ನೋಡಿದರು. "ಮನಷ್ಯಾನೇ ಇಲ್ಲದ ಗಾಡಿ ಎಂಥಾ ಗಾಡಿ? ದಾರಿ ತಪ್ಪಿದ್ರ ಗೇಟಿಗೆ ಕೇಳ್ತೀಯೇನು?"

"ಗೇಟು ಯಾರ ಮಾನಾನೂ ತೆಗಿಯಂಗಿಲ್ಲ" ಎಂದೆ. ತಂಗಿಗೆ ಏನೂ ತಿಳಿಯದೆ, "ಇಬ್ಬರು ಮಂದಿಗೆ ಎರಡು ನಮೂನಿ ಪಾಸೇನು ಮಾವಾರ?" ಎಂದು ನಕ್ಕಳು.

ಮರುದಿನ ಒಂಬತ್ತೂಮುಕ್ಕಾಲರ ಹೊತ್ತಿಗೆ ಸಿಟಿ ಬಸ್ ಹತ್ತಿದೆವು. ಇವರು ದಿನದ ಪಾಸು ಕೊಂಡರು. ನಾನು ಜಾಣತನ ತೋರಿಸಲು ಹೋಗಿ ಆಧಾರ್ ಕಾರ್ಡ್ ಚಾಚಿದೆ. ನಮ್ಮಲ್ಲೂ ಹೆಂಗಸರಿಗೆ ಬಸ್ಸು ಬಿಟ್ಟಿ, ಅಲ್ಲೂ ಬಿಟ್ಟಿ. ಕಂಡಕ್ಟರ್ ವಿಳಾಸ ಓದಿ, ಇದು ಕರ್ನಾಟಕದ ಕಾರ್ಡು, ಇಲ್ಲಿ ನಡೆಯುವುದಿಲ್ಲ ಎಂದು ತಿರುಗಿಸಿ ಕೊಟ್ಟ. ಎರಡೂ ಕಡೆ ಬಿಟ್ಟಿ ಇದ್ದರೂ ನನಗೆ ಇಲ್ಲ! ಮೆಟ್ರೋ ಸ್ಟೇಷನ್ನಿಗೆ ತಿಕೀಟು ತೆಗೆದುಕೊಂಡೆ. ಇವರು ಸೀಟು ಖಾಲಿ ಇದ್ದರೂ ಕಂಬಿಗೆ ಒರಗಿ ನಿಂತು, ತಿಕೀಟಿನ ಮಷೀನಿಗೆ ಎಷ್ಟು ತಾಸು ಬ್ಯಾಟರಿ ಬರುತ್ತದೆ, ದಿನಕ್ಕೆ ಎಷ್ಟು ಟ್ರಿಪ್ಪು ಎಂದು ವಿಚಾರಿಸತೊಡಗಿದರು. ಪಾಪ, ಆ ಕಂಡಕ್ಟರ್ ಇವರನ್ನು ವೇಷ ಮರೆಸಿಕೊಂಡು ಬಂದ ಮೇಲಧಿಕಾರಿ ಎಂದು ತಿಳಿದನೋ ಏನೋ, ಶರ್ಟಿನ ಗುಂಡಿ ಹಾಕಿಕೊಂಡ.

ಮೆಟ್ರೋ ನನಗೆ ಬಹಳ ಸೇರಿತು. ಕಾರ್ಡ್ ಮುಟ್ಟಿಸಿದೆ, ಗೇಟು ತೆರೆಯಿತು. ಹೆಸರಿಲ್ಲ, ಫೋಟೋ ಇಲ್ಲ, ಒಂದನೇ ತಾರೀಖು ಎಂಬುದಿಲ್ಲ. ಬೇಕೆಂದೇ ಎರಡು ಸ್ಟೇಷನ್ನುಗಳಲ್ಲಿ ಇಳಿದು ಮತ್ತೆ ಹತ್ತಿದೆ. ಇವರು ಗೊಣಗುತ್ತಾ ಬೇರೆ ತಿಕೀಟು ತೆಗೆಸಿ ಹಿಂದೆ ಬಂದರು, ಅಲ್ಲೂ ಬಾಗಿಲ ಹತ್ತಿರ ನಿಂತೇ. "ಇಷ್ಟ ಮಂದಿ ಅದಾರ, ಒಬ್ಬರ ಕೂಡ ಒಬ್ಬರ ಮಾತಿಲ್ಲಲ್ಲ" ಎಂದರು. ಮಾತು ಖರೆ ಅನ್ನಿಸಿತು, ಆದರೆ ಹೇಳಲಿಲ್ಲ.

ಆದರೆ ಆ ರೈಲು ಚಾರ್‌ಮಿನಾರಿನ ಬುಡಕ್ಕೆ ಹೋಗುವುದಿಲ್ಲ. ಇಳಿದು ಬಸ್ಸೇ ಹಿಡಿಯಬೇಕಾಯಿತು. ಮಧ್ಯಾಹ್ನ ಮೂರಕ್ಕೆ ನಾನೂ ಸೋತು ದಿನದ ಪಾಸು ಕೊಂಡೆ. ಇವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಹಿಂದೆ ಮುಂದೆ ನೋಡಿ ವಾಪಸು ಕೊಟ್ಟರು.

"ಬರೋಬ್ಬರಿ ಅದೇನ್ರಿ ಪಾಸು? ಏನ್ ತಿಕೀಟ್ ತಗೋಬೇಕೋ?" ಎಂದು ಚುಚ್ಚಿದೆ.

ಅವರು ಕಂಬಿ ಹಿಡಿದು ಹಿಂದಕ್ಕೆ ಹೋದರು. ಆಮೇಲೆ ಸಂಜೆಯವರೆಗೆ, ಬೋರ್ಡಿನ ತೆಲುಗು ಓದಲು ಬಾರದಿದ್ದರೂ, ಬಂದ ಗಾಡಿ ಹತ್ತಿದೆವು. ಇದು ಎಲ್ಲಿಗೆ ಹೋಗುತ್ತದೋ ನೋಡೋಣ ಎನ್ನುವುದೇ ಆಟ. ಒಂದು ಗಾಡಿ ಬಳೆ ಅಂಗಡಿಗಳ ನಡುವೆ ತಂದು ಬಿಟ್ಟಿತು, ಇನ್ನೊಂದು ಬರೀ ಲಗ್ನಪತ್ರಿಕೆ ಅಚ್ಚು ಹಾಕುವ ಓಣಿಗೆ, ಮತ್ತೊಂದು ಎಮ್ಮೆ ಕಟ್ಟಿದ ಮೈದಾನಕ್ಕೆ. ನಾನು ಮುಂದೆ ಹೆಂಗಸರ ಸೀಟಿನಲ್ಲಿ, ಅವರು ಹಿಂದೆ ನಿಂತುಕೊಂಡು. ಮಜಾ ಬಂತು. ಪಕ್ಕ ಕೂಡುವುದು ಮಾತ್ರ ಆಗಲಿಲ್ಲ.

ಮಾರನೆಯ ದಿನ ಹನ್ನೊಂದರ ಸುಮಾರಿಗೆ ಮತ್ತೆ ಚಾರ್‌ಮಿನಾರಿನ ಗಾಡಿ ಹತ್ತಿದೆವು. ಈ ಸಲ ಕಂಡಕ್ಟರ್ ಒಬ್ಬ ಹುಡುಗಿ, ತುರುಬಿಗೆ ಪೆನ್ನು ಸಿಕ್ಕಿಸಿಕೊಂಡಿದ್ದಳು. ನನ್ನ ಪಾಸು ನೋಡಿ ತಲೆಯಾಡಿಸಿ ಹಿಂದೆ ಹೋದಳು. ಇವರು ದೂರದಿಂದಲೇ, ಒಂದೇ ಕಸುಬಿನವರ ಸಲುಗೆಯಿಂದ, ಪಾಸು ಎತ್ತಿ ತೋರಿಸಿದರು. ಅವಳು ಅದನ್ನು ಕೈಗೆ ತೆಗೆದುಕೊಂಡು ಎರಡು ಸಲ ನೋಡಿದಳು.

"ಅಂಕಲ್, ಯೇ ತೋ ಖತಂ ಹೋಗಯಾ."

ಪಾಸಿನ ಮೇಲೆ ನಿನ್ನೆಯ ತಾರೀಖೂ ಇತ್ತು, ಇವತ್ತಿನದೂ ಇತ್ತು. ಇವರು ಎರಡು ತಾರೀಖು ನೋಡಿ ಎರಡೂ ದಿನ ನಡೆಯುತ್ತದೆ ಎಂದುಕೊಂಡಿದ್ದರು. ನಮ್ಮ ಕಡೆ ಪಾಸಿಗೆ ತಾರೀಖೇ ಎಲ್ಲ, ಗಂಟೆಯನ್ನು ಯಾರು ನೋಡುತ್ತಾರೆ? ಅದು ಕೊಂಡ ಗಳಿಗೆಯಿಂದ ಇಪ್ಪತ್ನಾಲ್ಕು ತಾಸಿನ ಪಾಸು. ಬೆಳಗ್ಗೆ ಕೊಂಡ ಅವರದು ಮುಗಿದಿತ್ತು, ಮಧ್ಯಾಹ್ನ ಕೊಂಡ ನನ್ನದು ಇನ್ನೂ ನಡೆಯುತ್ತಿತ್ತು.

ಅವರು ಚಷ್ಮಾ ಹಾಕಿಕೊಂಡು ಪಾಸನ್ನು ಮುಖದ ಹತ್ತಿರ ಹಿಡಿದರು. ಕಿವಿ ಕೆಂಪಾದವು. ಗಾಡಿಯ ಮಂದಿಯೆಲ್ಲಾ ತಿರುಗಿದರು. ನನ್ನ ಮುಂದಿನ ಸೀಟಿನಲ್ಲಿದ್ದ ಇಬ್ಬರು ಕಾಲೇಜು ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಇಂಥ ದಿನ ಬರಲಿ ಎಂದು ನಾನು ಎಷ್ಟು ಸಲ ಅಂದುಕೊಂಡಿದ್ದೆನೋ! ಬಂದಾಗ ಒಂದಿಷ್ಟೂ ಖುಷಿಯಾಗಲಿಲ್ಲ. ಆ ಹುಡುಗಿಯರಿಗೆ ಎರಡು ಬಿಗಿಯಬೇಕು ಅನ್ನಿಸಿತು.

ಕಂಡಕ್ಟರ್ ಹುಡುಗಿ ಒಳ್ಳೆಯವಳು. "ರಹನೇ ದೋ ಅಂಕಲ್, ಬೈಠೋ" ಎಂದು, ತಿಕೀಟು ಬೇಡವೆನ್ನುವಂತೆ ಖಾಲಿ ಸೀಟು ತೋರಿಸಿದಳು.

"ನಹೀ ಅಮ್ಮಾ. ಟಿಕೇಟ್ ಕಾಟೋ."

ಅವಳು ಮತ್ತೆ ಬೇಡ ಎಂದಳು. ಇವರು ದುಡ್ಡು ಹಿಡಿದ ಕೈ ಇಳಿಸಲಿಲ್ಲ. ಅವಳು ತಿಕೀಟು ಕೊಟ್ಟ ಮೇಲೆ ಅದನ್ನು ಉದ್ದಕ್ಕೆ ಮಡಚಿ ವಾಚಿನ ಪಟ್ಟಿಗೆ ಸಿಕ್ಕಿಸಿಕೊಂಡು, ಹಿಂದಿನ ಸೀಟಿನಲ್ಲಿ ಕೂತುಬಿಟ್ಟರು. ನಾನು ಕಂಡಂತೆ ಗಾಡಿಯಲ್ಲಿ ಅವರು ಕೂತದ್ದು ಅದೇ ಮೊದಲು.

ನಾನು ಹೆಂಗಸರ ಸೀಟು ಬಿಟ್ಟು ಎದ್ದೆ. ಗಾಡಿ ಓಲಾಡುತ್ತಿತ್ತು. ಕಂಬಿ ಕಂಬಿ ಹಿಡಿದು, ಗಂಡಸರ ಕಾಲು ದಾಟಿ, ಹಿಂದೆ ಹೋಗಿ ಅವರ ಪಕ್ಕ ಕೂತೆ. ಅವರು ಕಿಟಕಿಯಾಚೆ ನೋಡುತ್ತಿದ್ದರು. ಎರಡು ಸ್ಟಾಪು ದಾಟಿದವು.

"ಎಲ್ಲಾರೂ ನನ್ನೇ ನೋಡಾಕತ್ತಿದ್ರೇನು?" ಎಂದು ಆ ಕಡೆ ನೋಡುತ್ತಲೇ ಕೇಳಿದರು.

"ಇಲ್ಲ ಬಿಡ್ರಿ. ಯಾರೂ ನೋಡಲಿಲ್ಲ." ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಕಲಿಸುವ ಟೀಚರ್ ನಾನು.

ಅವರು ತಲೆಯಾಡಿಸಿದರು. "ನಿನ್ನ ನೋಡಿದ್ರು. ಅವತ್ತ ಇಡೀ ಗಾಡಿ ನಿನ್ನ ನೋಡ್ತು. ನಾ ವೇಬಿಲ್ ನೋಡಿದೆ."

ನನಗೆ ಅಳು ಬಂತು. ತಡೆಯಲೂ ಇಲ್ಲ. ಅಷ್ಟರಲ್ಲಿ ಚಾರ್‌ಮಿನಾರ್ ಬಂತು, ಗಾಡಿ ಅರ್ಧ ಖಾಲಿಯಾಯಿತು. ನಾನು ಏಳಲಿಲ್ಲ. ಅವರ ತಿಕೀಟು ಅಲ್ಲಿಯವರೆಗೆ ಮಾತ್ರ ಇತ್ತು. ಅವರು ಕೂತಲ್ಲಿಂದಲೇ ಕೈಯೆತ್ತಿ ಕಂಡಕ್ಟರ್ ಹುಡುಗಿಯನ್ನು ಕರೆದು, ಕೊನೆಯ ಸ್ಟಾಪಿಗೆ ಇನ್ನೊಂದು ತಿಕೀಟು ತೆಗೆದುಕೊಂಡರು.