ವ್ಯಾಸರಾಯರ ಸಮತಲ ಕಪಿಲೆ

ಕಿಣತ್ತುಕಡವಿನ ಹೈಸ್ಕೂಲಿನಲ್ಲಿ ಸೈನ್ಸ್ ಮೇಷ್ಟ್ರಾಗಿದ್ದ ವ್ಯಾಸರಾಯರು ಇಪ್ಪತ್ತೆರಡು ವರ್ಷ ಬಲ, ಚಲನೆ, ಶಕ್ತಿ ಎಂದು ಪಾಠ ಹೇಳಿದರು. ಆ ಇಪ್ಪತ್ತೆರಡು ವರ್ಷದಲ್ಲಿ ಬಲ ಹಾಕಿ ಒಂದು ಕುರ್ಚಿಯನ್ನೂ ಸರಿಸಿದವರಲ್ಲ. ಅವರ ಪಾಠವೆಂದರೆ ನೋಟ್ಸು. ಕ್ಯಾಲಿಕೋ ರಟ್ಟಿನ ಒಂದು ದಪ್ಪ ಪುಸ್ತಕ, ಮೇಷ್ಟ್ರಾಗುವುದಕ್ಕೆ ಎಲ್.ಟಿ. ಓದುವಾಗ ತಮ್ಮ ಕೈಯಾರೆ ಬರೆದುಕೊಂಡದ್ದು. ಅದನ್ನು ತೆರೆದು ನಿಧಾನವಾಗಿ ಓದುವರು, ಮಕ್ಕಳು ಬರೆದುಕೊಳ್ಳುವರು, ಗಂಟೆ ಹೊಡೆಯುವುದು. ಪ್ರಶ್ನೆ ಪತ್ರಿಕೆ ತೆಗೆಯುವವರೂ ಅವರೇ, ತಿದ್ದುವವರೂ ಅವರೇ ಆದ್ದರಿಂದ ಅವರ ವಿಷಯದಲ್ಲಿ ಫೇಲಾದವರು ಅಪರೂಪ.

ಸ್ಕೂಲಿನಲ್ಲಿ ಉಪಕರಣಗಳಿರಲಿಲ್ಲವೆಂದಲ್ಲ. ಗಾಜಿನ ಬೀರುವಿನಲ್ಲಿ ಎರಡು ರಾಟೆ, ಒಂದು ಸ್ಪ್ರಿಂಗ್ ತಕ್ಕಡಿ, ಒಂದು ಇಳಿಜಾರು ಹಲಗೆ, ಅದರ ಮೇಲೆ ಬಿಡುವುದಕ್ಕೆ ಚಕ್ರದ ಪುಟ್ಟ ಗಾಡಿ, ಎಲ್ಲವೂ ಇದ್ದವು. ಬೀರುವಿನ ಬೀಗದ ಕೈ ಮೇಷ್ಟ್ರ ಜನಿವಾರದಲ್ಲಿತ್ತು. ವರ್ಷಕ್ಕೊಮ್ಮೆ ಸರಸ್ವತಿ ಪೂಜೆಯ ದಿನ ಬೀರು ತೆರೆಯುತ್ತಿತ್ತು. ಅಂದು ತಕ್ಕಡಿಗೆ ಗಂಧ, ರಾಟೆಗೆ ಕುಂಕುಮ, ಗಾಡಿಗೆ ಒಂದು ಎಸಳು ಸೇವಂತಿಗೆ. ಮಂಗಳಾರತಿ ಆದಮೇಲೆ ಮತ್ತೆ ಬೀಗ. ವರ್ಷ ವರ್ಷದ ಕುಂಕುಮ ಗಟ್ಟಿಯಾಗಿ ರಾಟೆಗಳು ತಿರುಗುವುದನ್ನೇ ಮರೆತಿದ್ದವು. ಮುಟ್ಟಿದರೆ ತಾನೇ ಮುರಿಯುವುದು ಎಂಬುದು ಮೇಷ್ಟ್ರ ಸಿದ್ಧಾಂತ, ಮತ್ತು ಅದನ್ನು ಯಾವ ವಿಜ್ಞಾನಿಯೂ ಸುಳ್ಳೆನ್ನುವಂತಿಲ್ಲ.

ಅದೇ ದಿನ ಮನೆಯ ಪೂಜೆಯಲ್ಲಿ ನೋಟ್ಸಿನ ಪುಸ್ತಕವೂ ಇರುತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಅವರ ತಾಯಿ ಸುಂದರಮ್ಮ, ಪುಸ್ತಕ ತೆರೆದಿಟ್ಟಿದ್ದ ಕಡೆ ಭಕ್ತಿಯಿಂದ ಎಣ್ಣೆಯಲ್ಲಿ ಕಲಸಿದ ಕುಂಕುಮ ಇಟ್ಟಿದ್ದರು. ತೆರೆದಿದ್ದದ್ದು ಕಪಿಲೆಯ ಪಾಠದ ಪುಟ. ಎತ್ತುಗಳು ಹಗ್ಗ ಎಳೆದು ಬಾವಿಯಿಂದ ದೊಡ್ಡ ತೊಗಲ ಚೀಲದಲ್ಲಿ ನೀರೆತ್ತುವ ಚಿತ್ರ. ಕುಂಕುಮ ಸರಿಯಾಗಿ ಎತ್ತುಗಳ ಕಾಲ ಕೆಳಗೆ ಹರಡಿತು. ಎತ್ತುಗಳು ನಡೆಯುವ ನೆಲ ಇಳಿಜಾರೆಂದು ತೋರಿಸುವ ಗೆರೆ ಅದರಡಿ ಮುಳುಗಿತು. ಕೊಯಮತ್ತೂರಿನ ರಾಜಾ ವೀದಿಯ ಮನೆಯಲ್ಲಿ ಸಿರುವಾಣಿಯ ನಲ್ಲಿ ನೀರು ಬಂದಮೇಲೆ ಬಾವಿಯ ಕಡೆ ಮುಖ ಹಾಕದ ಮನುಷ್ಯ ವ್ಯಾಸರಾಯರು. ನೆಲ ಹೇಗಿರುತ್ತದೆ, ನೆಲದ ಹಾಗೇ ಇರುತ್ತದೆ ಎಂದುಕೊಂಡು, "ಎತ್ತುಗಳು ಸಮತಲವಾದ ನೆಲದ ಮೇಲೆ ನಡೆಯುತ್ತವೆ, ಹಗ್ಗದ ಮೇಲೆ ಕೂರುವ ಆಳು ಎತ್ತುಗಳಿಗೆ ಹೆಚ್ಚಿನ ಹೊರೆ" ಎಂದು ಹೇಳಿ ಬರೆಸಿದರು. ಇಪ್ಪತ್ತೆರಡು ವರ್ಷ ಹಾಗೆಯೇ ಬರೆಸಿದರು.

ಸೋಜಿಗವೆಂದರೆ ಬರೆದುಕೊಂಡವರೆಲ್ಲ ರೈತರ ಮಕ್ಕಳು. ಬೆಳಗಿನ ಜಾವ ಅಪ್ಪನ ಕಪಿಲೆಯ ಇಳಿಜಾರಿನಲ್ಲಿ ಎತ್ತು ಹೊಡೆದು, ಕಾಲಿಗೆ ಹತ್ತಿದ ಕೆಸರು ತೊಳೆದುಕೊಂಡು ಬಂದು ಬೆಂಚಿನ ಮೇಲೆ ಕೂತು "ಸಮತಲವಾದ ನೆಲ" ಎಂದು ಅಚ್ಚುಕಟ್ಟಾಗಿ ಬರೆಯುತ್ತಿದ್ದರು. ಒಬ್ಬರೂ ಕೈ ಎತ್ತಲಿಲ್ಲ. ಹೊಲದ್ದು ಹೊಲಕ್ಕೆ, ಸ್ಕೂಲಿನದು ಸ್ಕೂಲಿಗೆ ಎಂಬುದು ಅವರಿಗೆ ಹುಟ್ಟಿದಾಗಿನಿಂದ ಗೊತ್ತಿತ್ತು. ಮೇಷ್ಟ್ರಾದರೂ ದಿನಾ ರೈಲಿಳಿದು ಬರುವಾಗ ಸ್ಕೂಲಿನ ಎದುರಿನ ರಂಗಸಾಮಿಯ ಕಪಿಲೆ ದಾಟಿಯೇ ಬರಬೇಕು. ಸಗಣಿ ತುಳಿಯಬಾರದೆಂದು ಕಣ್ಣು ಸದಾ ತಮ್ಮ ಚಪ್ಪಲಿಯ ಮುಂದಿನ ಎರಡಡಿ ನೆಲದ ಮೇಲಿರುತ್ತಿತ್ತು.

ಹೀಗಿರುವಾಗ ಐವತ್ತಾರನೆಯ ಇಸವಿಯ ಬೇಸಿಗೆಯಲ್ಲಿ ಸೈನ್ಸ್ ಮೇಷ್ಟ್ರುಗಳಿಗೆಲ್ಲ ಕೊಯಮತ್ತೂರಿನಲ್ಲಿ ಹತ್ತು ದಿನದ ತರಬೇತಿ ನಡೆಯಿತು. ಇನ್ನು ಮೇಲೆ ವಿಜ್ಞಾನವನ್ನು ಬಾಯಿಪಾಠ ಮಾಡಿಸದೆ, ಊರಿನ ಕೆಲಸಗಳ ಮೂಲಕ, ಕೈಯಿಂದ ಮಾಡಿಸಿ ಕಲಿಸಬೇಕು ಎಂಬುದು ಹೊಸ ಆಜ್ಞೆ. ಹತ್ತು ದಿನವೂ ಒಬ್ಬ ಅಧಿಕಾರಿ ಆ ಆಜ್ಞೆಯನ್ನು ಕೂತು ಓದಿದರು, ಅರವತ್ತು ಜನ ಮೇಷ್ಟ್ರುಗಳು ಕೂತು ಬರೆದುಕೊಂಡರು. ಕೊನೆಯ ದಿನ ಎಲ್ಲರಿಗೂ ಕಾಫಿ ಕೊಟ್ಟು, ಇನ್ಸ್‌ಪೆಕ್ಟರ್ ಗೋಪಾಲಸಾಮಿಯವರು ಒಂದೊಂದು ಸ್ಕೂಲಿಗೂ ಬಂದು ಹೊಸ ರೀತಿಯ ಪಾಠ ನೋಡುತ್ತಾರೆ, ತೃಪ್ತಿಯಾಗದಿದ್ದರೆ ವರ್ಗಾವಣೆ ಎಂದು ತಿಳಿಸಿದರು.

ವರ್ಗಾವಣೆ ಎಂದರೆ ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಆನೈಮಲೈಯಲ್ಲಿ ಒಂದು ಜಾಗ ಖಾಲಿ ಇರುವುದು ಎಲ್ಲರಿಗೂ ಗೊತ್ತಿತ್ತು.

ವ್ಯಾಸರಾಯರ ಹೆಂಡತಿ ಭಾಮಾ ಅಂದೇ ತೀರ್ಪು ಕೊಟ್ಟರು. "ಆನೈಮಲೈಗೆ ಹಾಕಿದ್ರೆ ನೀವೊಬ್ರೇ ಹೋಗಿ. ನಾನು ಬರೋಲ್ಲ, ಈಗ್ಲೇ ಹೇಳ್ಬಿಟ್ಟಿದೀನಿ. ಅಲ್ಲಿ ಸೊಳ್ಳೆ ಜ್ವರ. ನಿಮಗೋ ರಸಕ್ಕೆ ಉಪ್ಪು ಎಷ್ಟು ಅಂತಾನೂ ತೆರಿಯಾದು."

ಮೇಷ್ಟ್ರಿಗೆ ನಿಜವಾಗಿ ಹೆದರಿಕೆಯಾಯಿತು. ರಾಜಾ ವೀದಿಯ ಮನೆ, ಸಾಯಂಕಾಲದ ರೈಲು, ಭಾಮಾ ಕೈಯ ರಸ, ಇವು ಮೂರು ಬಿಟ್ಟರೆ ಅವರ ಬದುಕಿನಲ್ಲಿ ಉಳಿಯುವುದು ನೋಟ್ಸಿನ ಪುಸ್ತಕವೊಂದೇ. ಅವರು ನೋಟ್ಸನ್ನೇ ಮೊರೆಹೊಕ್ಕರು. ಊರಿನ ಕೆಲಸವೆಂದರೆ ಕಪಿಲೆ ಇದೆಯಲ್ಲ, ಅದರ ಪಾಠವೂ ಇದೆಯಲ್ಲ.

ರಂಗಸಾಮಿ ಕನ್ನಡದವನೇ. ಅವನ ಮುತ್ತಾತ ಯಾವ ಕಾಲದಲ್ಲೋ ಮೇಲಿನ ಸೀಮೆಯಿಂದ ಇಳಿದು ಬಂದವನು. ಮಗಳು ರಾಜಾಮಣಿ ಮೇಷ್ಟ್ರ ಹತ್ತನೇ ಕ್ಲಾಸಿನಲ್ಲೇ ಓದುತ್ತಿದ್ದಳು, ಸೈನ್ಸಿನಲ್ಲಿ ಮೊದಲನೆಯವಳು. ಇನ್ಸ್‌ಪೆಕ್ಟರು ಬರುವ ಹಿಂದಿನ ದಿನ ಮೇಷ್ಟ್ರು ಹೋಗಿ ಪಾಠಕ್ಕೆ ಕಪಿಲೆ ಬೇಕೆಂದು ಕೇಳಿದಾಗ ರಂಗಸಾಮಿ ಹೆಗಲ ಮೇಲಿನ ಟವೆಲು ಕಂಕುಳಿಗೆ ಇಳಿಸಿ ನಿಂತ.

"ನಮ್ಮ ಬಾವೀಗೆ ಇನ್ಸ್‌ಪೆಕ್ಟ್ರು ಬರೋದು ನಮ್ಗೂ ಪೆರುಮೆನೇ ಸಾಮಿ. ಏನ್ ಮಾಡ್ಬೇಕು ಹೇಳಿ."

"ಹೆಚ್ಚೇನಿಲ್ಲ. ಎತ್ತು ಹೊಡೆಯುವಾಗ ನೀನು ಹಗ್ಗದ ಮೇಲೆ ಕೂತ್ಕೊಳ್ಬಾರ್ದು. ಪಕ್ಕದಲ್ಲಿ ನಡೆದು ಬಾ. ಕೂತ್ರೆ ಅವಕ್ಕೆ ಭಾರ."

ರಂಗಸಾಮಿ ಮೇಷ್ಟ್ರ ಮುಖ ನೋಡಿದ, ಎತ್ತಿನ ಮುಖ ನೋಡಿದ. "ಕೂತ್ಕೊಳ್ದೆ ಹೋದ್ರೆ ಅವು ಇಳಿದಾವಾ ಸಾಮಿ?"

"ಪಾಠದಲ್ಲಿ ಹಾಗೇ ಇದೆ."

"ಪಾಡದಾಗೆ ಇದ್ರೆ ಸರಿ" ಎಂದ ರಂಗಸಾಮಿ. ಓದಿದವರ ಮಾತು ಮೀರುವ ಸಂಪ್ರದಾಯ ಅವನ ಮನೆಯಲ್ಲಿರಲಿಲ್ಲ.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಇನ್ಸ್‌ಪೆಕ್ಟರ್ ಗೋಪಾಲಸಾಮಿಯವರು ಬಿಸಿಲಿನ ಟೋಪಿ ಇಟ್ಟುಕೊಂಡು ಬಾವಿಯ ಬಳಿ ಕುರ್ಚಿ ಹಾಕಿಸಿಕೊಂಡು ಕೂತರು. ನಲವತ್ತು ಮಕ್ಕಳು ಇಳಿಜಾರಿನ ಎರಡೂ ಬದಿಗೆ ಸಾಲಾಗಿ ನಿಂತರು. ಮೇಷ್ಟ್ರು ಪುಸ್ತಕ ತೆರೆದರು. ರಂಗಸಾಮಿ ಎತ್ತುಗಳನ್ನು ಬಿಟ್ಟ.

ಎತ್ತುಗಳು ನಾಲ್ಕು ಹೆಜ್ಜೆ ಇಳಿದು ನಿಂತವು. ಹಗ್ಗದ ಮೇಲೆ ಯಜಮಾನನ ಭಾರವಿಲ್ಲ ಎಂದರೆ ಚೀಲ ಬರಿದಾಯಿತು, ಇನ್ನು ಹಿಂದಕ್ಕೆ ನಡೆಯಬೇಕು ಎಂಬುದು ಅವು ಕಲಿತಿದ್ದ ಪಾಠ. ಅವುಗಳೂ ಬಾಯಿಪಾಠದವೇ. ಹಿಂದಕ್ಕೆ ನಡೆದವು. ತುಂಬಿದ ಚೀಲ ಬಾವಿಗೆ ಧೊಪ್ಪನೆ ಬಿತ್ತು.

"ಇನ್ನೊಂದು ಸಲ" ಎಂದರು ಇನ್ಸ್‌ಪೆಕ್ಟರು.

ಎರಡನೆಯ ಸಲ ರಂಗಸಾಮಿ ಬಾಯಿ ಮಾಡಿ, ಬಾಲ ತಿರುಚಿ ಅರ್ಧ ದಾರಿಯವರೆಗೆ ಇಳಿಸಿದ. ಅಲ್ಲಿ ಎತ್ತುಗಳು ಕಾಲು ಊರಿ ನಿಂತುಬಿಟ್ಟವು. ಹಗ್ಗ ಕಿರುಗುಟ್ಟಿತು. ಚೀಲ ಬಾವಿಯ ನಡುವೆ ತೂಗಾಡಿತು. ಮೇಷ್ಟ್ರ ಕಣ್ಣ ಮುಂದೆ ಆನೈಮಲೈ ಬಂತು, ಸೊಳ್ಳೆಗಳ ಸಮೇತ.

ರಂಗಸಾಮಿಗೆ ಎತ್ತಿನ ಮೂಗುದಾರ ಬಿಡುವ ಹಾಗಿರಲಿಲ್ಲ. "ಸಾಮಿ, ಕೋಪ ಮಾಡ್ಕೋಬೇಡಿ. ನಾನು ಕೈ ಬಿಟ್ರೆ ಹಿಂದಕ್ಕೆ ಎಳ್ಕೊಂಡೋಗ್ತವೆ. ನೀವೇ ಸ್ವಲ್ಪ ಹಗ್ಗದ ಮ್ಯಾಲೆ ಕುಂತ್ಕೊಳ್ಳಿ."

ವ್ಯಾಸರಾಯರು ಇನ್ಸ್‌ಪೆಕ್ಟರ ಕಡೆ ನೋಡಿದರು. "ಆಜ್ಞೆಯಲ್ಲೂ ಅದೇ ಇದೆಯಲ್ಲ, ಮಾಡಿ ಕಲಿ ಅಂತ. ಕೂತುಕೊಳ್ಳಿ" ಎಂದರು ಇನ್ಸ್‌ಪೆಕ್ಟರು.

ಪಂಚೆ ಎತ್ತಿ ಕಟ್ಟಿ, ಪುಸ್ತಕವನ್ನು ರಾಜಾಮಣಿಯ ಕೈಗೆ ಕೊಟ್ಟು, ವ್ಯಾಸರಾಯರು ಹಗ್ಗದ ಮೇಲೆ ಕೂತರು. ಭಾಮಾ ಇಪ್ಪತ್ತು ವರ್ಷ ಬಡಿಸಿದ ತುಪ್ಪ ಅಂದು ಉಪಯೋಗಕ್ಕೆ ಬಂತು. ಹಗ್ಗ ಬಗ್ಗಿತು, ಎತ್ತುಗಳಿಗೆ ಧೈರ್ಯ ಬಂದು ಹೆಜ್ಜೆ ಕಿತ್ತವು. ಮೇಷ್ಟ್ರು ಕೆಳಗೆ ಇಳಿದಷ್ಟೂ ನೀರು ಮೇಲೆ ಬಂತು. ಅವರಿಗೆ ತಮ್ಮ ತೊಡೆಯ ಕೆಳಗೆ, ಬೆನ್ನಿನಲ್ಲಿ, ಅದು ತಿಳಿಯಿತು. ಎತ್ತುಗಳು ಬರಿದಾದ ಚೀಲದೊಡನೆ ಹಿಂದಕ್ಕೆ ಹತ್ತುವಾಗ ತಮ್ಮ ಮೈಯನ್ನೇ ಎತ್ತರಕ್ಕೆ ಒಯ್ದು ಕೂಡಿಟ್ಟುಕೊಳ್ಳುತ್ತವೆ. ಇಳಿಯುವಾಗ ಆ ಭಾರವೇ, ಕೂತವನ ಭಾರವೂ ಸೇರಿ, ನೀರನ್ನು ಎತ್ತುತ್ತದೆ. ಇಳಿಜಾರಿಲ್ಲದಿದ್ದರೆ ಇದೊಂದೂ ಇಲ್ಲ. ಸ್ಥಾನದಿಂದ ಬರುವ ಶಕ್ತಿ ಎಂದು ಎಷ್ಟು ಸಲ ಬರೆಸಿದ್ದರು! ಅದು ಹೀಗೆ ಅಂಡಿನ ಕೆಳಗೆ ಗಡಗಡ ನಡುಗುವ ವಸ್ತುವೆಂದು ಯಾರೂ ಹೇಳಿರಲಿಲ್ಲ. ನೀರು ಭೋರೆಂದು ಕಾಲುವೆಗೆ ಬಿದ್ದಾಗ ವ್ಯಾಸರಾಯರಿಗೆ ತಡೆಯಲಾರದ ಸಂತೋಷವಾಯಿತು. ನಲವತ್ತೇಳನೆಯ ವಯಸ್ಸಿನಲ್ಲಿ ಅವರು ಮೊದಲ ಸಲ ಸೈನ್ಸ್ ಕಲಿತಿದ್ದರು.

ಅವರು ಹಗ್ಗದಿಂದ ಏಳುವಷ್ಟರಲ್ಲಿ ಇನ್ಸ್‌ಪೆಕ್ಟರು ರಾಜಾಮಣಿಯನ್ನು ಕೇಳಿಯಾಗಿತ್ತು. "ಎತ್ತುಗಳು ಎಂಥ ನೆಲದ ಮೇಲೆ ನಡೆಯುತ್ತವಮ್ಮ?"

ರಾಜಾಮಣಿ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಊರಿ ಅಪ್ಪನ ಇಳಿಜಾರಿನಲ್ಲೇ ನಿಂತಿದ್ದಳು. ಕೈ ಕಟ್ಟಿಕೊಂಡು, "ಸಮತಲವಾದ ನೆಲದ ಮೇಲೆ, ಸಾರ್" ಎಂದಳು. ಉಳಿದ ಮೂವತ್ತೊಂಬತ್ತು ಜನರೂ ಅದನ್ನೇ ಹೇಳಿದರು.

ರಂಗಸಾಮಿ ಮಗಳನ್ನೇ ನೋಡಿದ. "ಮತ್ತೆ ದಿನಾ ಬೆಳಿಗ್ಗೆ ಎಲ್ಲಮ್ಮಾ ನಡೀತಿದ್ದೆ ನೀನು?" ಎಂದ. ಅವಳು ತಲೆ ತಗ್ಗಿಸಿದಳು. ಅದಕ್ಕಿಂತ ಹೆಚ್ಚಾಗಿ ವ್ಯಾಸರಾಯರು ತಲೆ ತಗ್ಗಿಸಿದರು. ಪುಸ್ತಕ ಅವಳ ಕೈಯಿಂದ ತೆಗೆದುಕೊಂಡು ಕಪಿಲೆಯ ಪುಟ ತೆರೆದು ಉಗುರಿನಿಂದ ಕುಂಕುಮ ಕೆರೆದರು. ಹಪ್ಪಳದ ಹಾಗೆ ಎದ್ದು ಬಂತು. ಕೆಳಗೆ ಇಳಿಜಾರಿನ ಗೆರೆ ಮಸುಕಾಗಿ ಕಂಡಿತು.

"ಸಾರ್, ಮಕ್ಕಳದು ತಪ್ಪಿಲ್ಲ. ನೋಟ್ಸ್ ತಪ್ಪು. ಬರೆಸಿದ್ದು ನಾನು" ಎಂದರು.

ಇನ್ಸ್‌ಪೆಕ್ಟರು ಅವರನ್ನು ಪಕ್ಕಕ್ಕೆ ಕರೆದರು. ಒಳ್ಳೆಯವರು, ಯಾರ ಹೊಟ್ಟೆಯ ಮೇಲೂ ಹೊಡೆಯುವವರಲ್ಲ. "ನೋಡಿ ಮಿಸ್ಟರ್ ವ್ಯಾಸರಾಯ, ನಲವತ್ತು ಮಕ್ಕಳು ಒಂದೇ ಉತ್ತರ ಹೇಳಿದ್ದನ್ನು ನಾನು ಈ ಜಿಲ್ಲೆಯಲ್ಲಿ ಕಂಡಿರಲಿಲ್ಲ. ನೋಟ್ಸ್ ತಪ್ಪು ಎಂದು ಬರೆದರೆ ನೀವು ಆನೈಮಲೈಗೆ ಹೋಗಬೇಕು. ಇಳಿಜಾರು ತಪ್ಪು ಎಂದು ಬರೆದರೆ ಯಾರೂ ಎಲ್ಲಿಗೂ ಹೋಗಬೇಕಾಗಿಲ್ಲ."

ಮೇಷ್ಟ್ರು ರಂಗಸಾಮಿಯ ಇಳಿಜಾರನ್ನು ನೋಡಿದರು. ಅವನ ಅಜ್ಜ ಕಡಿದದ್ದು, ಮೂರು ತಲೆಮಾರು ಎತ್ತುಗಳು ತುಳಿದು ನುಣುಪು ಮಾಡಿದ್ದು. ಅದಕ್ಕೆ ರೈಲಿಲ್ಲ, ರಸವಿಲ್ಲ, ವರ್ಗಾವಣೆಯೂ ಇಲ್ಲ. ಇನ್ಸ್‌ಪೆಕ್ಟರು ಪೆನ್ನು ಬಿಚ್ಚಿ ಕೊಟ್ಟರು. "ಈ ಊರಿನ ಕಪಿಲೆ ಪಾಠಕ್ಕೆ ಅನುಗುಣವಾಗಿಲ್ಲ, ಮುಂದೆ ಸಮತಲವಾದ ಕಪಿಲೆಯನ್ನೇ ಆರಿಸತಕ್ಕದ್ದು" ಎಂಬ ವರದಿಯ ಕೆಳಗೆ ವ್ಯಾಸರಾಯರು ಸಹಿ ಹಾಕಿದರು. ನಾಚಿಕೆಯಿಂದ ಅವರ ಕಿವಿ ಸುಡುತ್ತಿತ್ತು. ರಂಗಸಾಮಿ ಎಲ್ಲರಿಗೂ ಎಳನೀರು ಕೆತ್ತಿ ಕೊಟ್ಟ. ವರದಿಯನ್ನು ಅವನು ಓದಲಾರ ಎಂಬುದೇ ಮೇಷ್ಟ್ರಿಗೆ ಆ ಹೊತ್ತಿನ ಸಮಾಧಾನ, ಅದೇ ಆ ಹೊತ್ತಿನ ಸಂಕಟ.

ತಿಂಗಳೊಳಗೆ ಇನ್ನೊಂದು ಆಜ್ಞೆ ಬಂತು. ವ್ಯಾಸರಾಯರ ನೋಟ್ಸು ಮಾದರಿಯಾದದ್ದರಿಂದ ಅದರ ಪ್ರತಿಗಳನ್ನು ಸುತ್ತಲಿನ ಎಲ್ಲ ಸ್ಕೂಲುಗಳಿಗೂ ಕಳಿಸುವುದಾಗಿಯೂ, ಈ ವರ್ಷದಿಂದ ಎಲ್ಲರಿಗೂ ಒಂದೇ ಪ್ರಶ್ನೆ ಪತ್ರಿಕೆ ಅದರಿಂದಲೇ ತೆಗೆಯುವುದಾಗಿಯೂ ಅದರಲ್ಲಿತ್ತು.

ಅಂದು ಮೇಷ್ಟ್ರು ಬೀರು ತೆರೆದರು. ಪೂಜೆಯ ದಿನವಲ್ಲದ್ದರಿಂದ ಮಕ್ಕಳು ಗಾಬರಿಯಾದರು. ದಬ್ಬಳದಿಂದ ರಾಟೆಯ ಕುಂಕುಮ ಕೆರೆದು, ಎರಡು ಹನಿ ಎಣ್ಣೆ ಬಿಟ್ಟು, ಅದು ಕಿರ್ ಎಂದು ತಿರುಗುವವರೆಗೆ ಬಿಡಲಿಲ್ಲ. ಇಳಿಜಾರು ಹಲಗೆಯನ್ನು ಮೇಜಿನ ಮೇಲಿಟ್ಟು, ರಾಟೆಯ ಮೇಲೆ ದಾರ ಹಾಕಿ, ಗಾಡಿ ಕೆಳಗಿಳಿದಂತೆ ಕಲ್ಲು ಮೇಲೇರುವುದನ್ನು ತೋರಿಸಿ, ನೋಟ್ಸಿನಲ್ಲಿ "ಸಮತಲ" ಎಂಬುದನ್ನು ಹೊಡೆದು ಹಾಕಿ ಎಂದರು.

ರಾಜಾಮಣಿ ಎದ್ದು ನಿಂತಳು. ಇಪ್ಪತ್ತೆರಡು ವರ್ಷದಲ್ಲಿ ಆ ಕ್ಲಾಸಿನಲ್ಲಿ ಎದ್ದ ಮೊದಲ ಪ್ರಶ್ನೆ ಅದು. "ಸಾರ್, ಪರೀಕ್ಷೆಯಲ್ಲಿ ಯಾವುದು ಬರೆಯಬೇಕು?"

ವ್ಯಾಸರಾಯರು ಕಿಟಕಿಯಿಂದ ಎದುರಿನ ಬಾವಿಯ ಕಡೆ ನೋಡಿದರು. ರಂಗಸಾಮಿ ಹಗ್ಗದ ಮೇಲೆ ಕೂತು ಇಳಿಯುತ್ತಿದ್ದ. ಅವರು ಮಕ್ಕಳ ಕಡೆ ತಿರುಗಿ ಹೇಳಿದರು:

"ಮಾರ್ಕು ಬೇಕಾದವರು ಸಮತಲ ಅಂತ ಬರೆಯಿರಿ. ನೀರು ಬೇಕಾದವರು ಇಳಿಜಾರು ಕಡಿಯಿರಿ."

ನಲವತ್ತು ಮಕ್ಕಳೂ ತಲೆ ಬಗ್ಗಿಸಿ ಅದನ್ನು ನೋಟ್ಸಿನಲ್ಲಿ ಬರೆದುಕೊಂಡರು.