ಗುಮಾಸ್ತನಿಗೂ ಒಂದು ವೋಟು

ಅರಿಶಿನ ಕುಂಕುಮ ಹಚ್ಚಿದ ಸರ್ಕಾರಿ ನೋಟಿಸನ್ನು ನೀವು ಎಂದಾದರೂ ನೋಡಿದ್ದೀರಾ? ನಾನು ನೋಡಿದೆ. ಹೋದ ಶನಿವಾರ, ನ್ಯೂಜೆರ್ಸಿಯ ವುಡ್‌ಬ್ರಿಡ್ಜ್‌ನ ಒಂದು ಟೌನ್‌ಹೌಸಿನ ದೇವರ ಗೂಡಿನಲ್ಲಿ, ಲಕ್ಷ್ಮಿಯ ಫೋಟೋ ಮುಂದೆ.

ನೋಟಿಸು ಬಂದದ್ದು ಸುಶೀಲಾ ಆಂಟಿಗೆ. ನಮ್ಮ ಮನೆಯಿಂದ ಮೂರನೇ ಬಾಗಿಲು. ಧಾರವಾಡದ ಕನ್ನಡ ಶಾಲೆಯಲ್ಲಿ ಟೀಚರ್ ಆಗಿ ರಿಟೈರ್ ಆದವರು. ಮಗಳು ಇಲ್ಲಿ ಡಾಕ್ಟರ್, ಅವಳ ಡ್ಯೂಟಿಗೆ ಹೊತ್ತುಗೊತ್ತಿಲ್ಲ. ಹಾಗಾಗಿ ಇಂಗ್ಲಿಷ್ ಕಾಗದ ಬಂದರೆ ಓದಿ ಹೇಳುವ ಕೆಲಸ ನನ್ನದು. (ಬದಲಿಗೆ ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿ ಚಟ್ನಿಪುಡಿ, ಸಿಗುತ್ತದೆ. ಲಾಭ ನನಗೇ.) ಈ ವರ್ಷ ಆಂಟಿಗೆ ಸಿಟಿಜನ್‌ಶಿಪ್ ಸಿಕ್ಕಿತು. ಈ ನವೆಂಬರಿನ ಗವರ್ನರ್ ಚುನಾವಣೆಯಲ್ಲಿ ಹಾಕಿದ್ದು ಅವರ ಮೊದಲ ಅಮೆರಿಕನ್ ವೋಟು.

"ತಮ್ಮಾ, ನನ್ನ ವೋಟಿನ ರಸೀದಿ ನೋಡು. ನಮ್ಮ ಕಡೆ ಇಷ್ಟು ಮರ್ಯಾದಿ ಎಲ್ಲಿ? ಬೆರಳಿಗೆ ಶಾಯಿ ಹಚ್ಚಿ ಕಳಸ್ತಿದ್ವಿ, ಅಷ್ಟ," ಎಂದು ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ಅದರಲ್ಲಿ ಬ್ಯಾಲಟ್ ಮತ್ತು ರಿಸೀವ್ಡ್ ಎಂಬ ಎರಡು ಪದ ಅವರ ಕಣ್ಣಿಗೆ ಬಿದ್ದಿದ್ದವು. ಜೊತೆಗೆ ತಮ್ಮ ಪೂರ್ತಿ ಹೆಸರು. ಅಷ್ಟು ಸಾಕಾಗಿತ್ತು. ಮೂರು ವಾರದಿಂದ ಅದಕ್ಕೆ ದಿನವೂ ಹೂವು ಏರುತ್ತಿತ್ತು.

ನಾನು ನಿಂತಲ್ಲೇ ಓದಿದೆ. ಅದು ರಸೀದಿಯಾಗಿರಲಿಲ್ಲ. ನಿಮ್ಮ ಬ್ಯಾಲಟ್ ತಲುಪಿದೆ, ಆದರೆ ಲಕೋಟೆಯ ಮೇಲಿನ ಸಹಿ ನಮ್ಮ ದಾಖಲೆಯ ಸಹಿಗೆ ತಾಳೆಯಾಗುತ್ತಿಲ್ಲ. ಇದು ನಿಮ್ಮದೇ ಸಹಿ ಎಂದು ಜೊತೆಗಿರುವ ಫಾರಂ ತುಂಬಿ ಇಂಥ ದಿನದೊಳಗೆ ಕಳಿಸಿ. ಇಲ್ಲದಿದ್ದರೆ ನಿಮ್ಮ ವೋಟನ್ನು ಎಣಿಸುವುದಿಲ್ಲ.

ಆ ದಿನ ದಾಟಿ ವಾರವಾಗಿತ್ತು.

ಸಹಿ ಯಾಕೆ ತಾಳೆಯಾಗಲಿಲ್ಲ? ಅದಕ್ಕೆ ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು. ಆ ಉತ್ತರವೇ ನಾನು.

ಆಂಟಿಯ ಮಂಡಿ ಕ್ಯೂನಲ್ಲಿ ನಿಲ್ಲಲು ಬಿಡುವುದಿಲ್ಲ. ಹಾಗಾಗಿ ಅಂಚೆಯಲ್ಲಿ ಬ್ಯಾಲಟ್ ತರಿಸಿಕೊಂಡಿದ್ದರು. ಅಕ್ಟೋಬರಿನ ಒಂದು ಭಾನುವಾರ ಅವರ ಡೈನಿಂಗ್ ಟೇಬಲ್ ಮೇಲೆ ಬ್ಯಾಲಟ್ ಹರಡಿಕೊಂಡು ಕುಳಿತೆವು. ಯಾರಿಗೆ ಹಾಕಿದರೆಂದು ನಾನು ನೋಡಲಿಲ್ಲ, ಅವರು ತೋರಿಸಲೂ ಇಲ್ಲ. ಕೈ ಅಡ್ಡ ಹಿಡಿದು ಗುರುತು ಹಾಕುತ್ತಿದ್ದರು. ಊರಿನಲ್ಲಿ ಎಷ್ಟೋ ಸಲ ಎಲೆಕ್ಷನ್ ಡ್ಯೂಟಿ ಮಾಡಿದ ಕೈ ಅದು. ನನ್ನನ್ನು ಕೇಳುತ್ತಿದ್ದದ್ದು ಒಂದೇ, ಈ ಹುದ್ದೆ ಅಂದರೆ ಏನು ಅಂತ. ಗವರ್ನರ್ ಆಯಿತು, ಅಸೆಂಬ್ಲಿ ಆಯಿತು. ಆಮೇಲೆ ಕೆಳಗೊಂದು ಸಾಲು: ಕೌಂಟಿ ಕ್ಲರ್ಕ್.

"ಇದೇನೋ ತಮ್ಮಾ?"

"ಗುಮಾಸ್ತ ಆಂಟಿ. ಬಿಡಿ ಅದನ್ನ. ಈ ದೇಶದಲ್ಲಿ ಗುಮಾಸ್ತನಿಗೂ ವೋಟ್ ಹಾಕ್ತಾರೆ," ಎಂದು ನಕ್ಕೆ. (ಈ ಜೋಕನ್ನು ನಾನು ಕನ್ನಡ ಸಂಘದ ಊಟದ ಪಂಕ್ತಿಯಲ್ಲೂ ಹೇಳಿ ನಗಿಸಿದ್ದೇನೆ. ನನ್ನಂಥ ಮೈಸೂರಿನವನಿಗೆ ಕ್ಲರ್ಕ್ ಅಂದರೆ ಕಿವಿಯ ಮೇಲೆ ಪೆನ್ನು, ಮೇಜಿನ ಮೇಲೆ ಫೈಲು, ಮಧ್ಯಾಹ್ನ ಎರಡಾದರೂ ಖಾಲಿ ಕುರ್ಚಿ.)

ಆಂಟಿ ನಗಲಿಲ್ಲ. "ಗುಮಾಸ್ತ ಅಂದ್ರ ಸಣ್ಣಾಂವ ಅಂತ ತಿಳದೀ? ತಾಲೂಕು ಕಚೇರಿಯೊಳಗ ಒಬ್ಬ ಗುಮಾಸ್ತ ಪಟ್ಟಿಯೊಳಗ ಒಂದು ಹೆಸರು ಬಿಟ್ರ, ಇಡೀ ಊರು ಸತ್ಯಾ ಮಾಡಿ ಹೇಳಿದ್ರೂ ಆ ಮನಷ್ಯಾ ವೋಟ್ ಹಾಕ್ಲಿಕ್ಕೆ ಬರೂದಿಲ್ಲ. ನಾ ಕಣ್ಣಾರೆ ಕಂಡೀನಿ," ಎಂದರು. ಮನೆಗೆ ಬಂದಿದ್ದ ಪಾಂಪ್ಲೆಟ್‌ಗಳನ್ನು ಹುಡುಕಿಸಿ, ಇಬ್ಬರು ಅಭ್ಯರ್ಥಿಗಳ ಬಗ್ಗೆಯೂ ನನ್ನಿಂದ ಓದಿಸಿ, ಆ ಸಾಲನ್ನೂ ತುಂಬಿದರು.

ಕೊನೆಗೆ ಸಹಿ. ಪೆನ್ನು ಎತ್ತಿ ಕನ್ನಡದಲ್ಲಿ ಬರೆಯಲು ಹೊರಟರು. ಅವರ ಸಹಿ ಯಾವಾಗಲೂ ಕನ್ನಡವೇ. ಬ್ಯಾಂಕಿನಲ್ಲಿ, ಪಾಸ್‌ಪೋರ್ಟಿನಲ್ಲಿ, ಇಲ್ಲಿ ವೋಟರ್ ರಿಜಿಸ್ಟ್ರೇಷನ್‌ನಲ್ಲಿ ಕೂಡ. ಮಕ್ಕಳಿಗೆ ಅಕ್ಷರ ತಿದ್ದಿಸಿದವರ ದುಂಡನೆಯ ಸಹಿ. ನಾನು ತಡೆದೆ.

"ಆಂಟಿ, ಇಂಗ್ಲಿಷ್‌ನಲ್ಲಿ ಮಾಡಿ. ಕನ್ನಡ ಅವರಿಗೆ ಅರ್ಥ ಆಗಲ್ಲ. ಸುಮ್ನೆ ರಿಜೆಕ್ಟ್ ಮಾಡಿಬಿಡ್ತಾರೆ."

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ದಿನಸಿ ಅಂಗಡಿಯ ಚೀಟಿಯ ಹಿಂದೆ ಐದಾರು ಸಲ ಇಂಗ್ಲಿಷ್ ಸಹಿ ಪ್ರಾಕ್ಟೀಸ್ ಮಾಡಿ, ಲಕೋಟೆಯ ಮೇಲೆ ನಿಧಾನವಾಗಿ ಬರೆದರು. ನಾನು ಗುಡ್ ಎಂದೆ. ಬುದ್ಧಿವಂತ ನೋಡಿ.

ಸಹಿ ಯಾವ ಲಿಪಿಯಲ್ಲಿದೆ ಎಂಬುದು ಅಲ್ಲಿ ಯಾರಿಗೂ ಬೇಕಿರಲಿಲ್ಲ. ಹಿಂದಿನ ಸಹಿಯ ಹಾಗೆ ಇದ್ದರೆ ಸಾಕಿತ್ತು.

ಶನಿವಾರ ಆಂಟಿಗೆ ಏನೂ ಹೇಳದೆ ಬಂದೆ. ಸೋಮವಾರ ಪಿಸ್ಕಾಟವೇಯ ನನ್ನ ಆಫೀಸಿನ ಪಾರ್ಕಿಂಗ್ ಲಾಟಿನಿಂದ ಕೌಂಟಿಯ (ಅಂದರೆ ಇಲ್ಲಿನ ಜಿಲ್ಲೆಯ) ಎಲೆಕ್ಷನ್ ಆಫೀಸಿಗೆ ಫೋನ್ ಮಾಡಿದೆ. ತಪ್ಪು ನನ್ನದು, ವಯಸ್ಸಾದವರು, ಮೊದಲ ವೋಟು, ಎಲ್ಲ ಹೇಳಿದೆ. ಆ ಕಡೆಯ ಹೆಣ್ಣುಮಗಳು ಪೂರ್ತಿ ಕೇಳಿಸಿಕೊಂಡಳು. ಐ ಆಮ್ ಸಾರಿ ಸರ್, ಕೊನೆಯ ದಿನ ಮುಗಿದಿದೆ ಎಂದಳು. ಸಿಡುಕಿದ್ದರೆ ಜಗಳವಾಡಬಹುದಿತ್ತು. ನಿಜವಾಗಿಯೂ ಬೇಸರಪಟ್ಟವಳ ಜೊತೆ ಏನು ಜಗಳ?

ಆ ಕೊನೆಯ ದಿನವನ್ನು ನಿಗದಿ ಮಾಡಿದವರು ಯಾರು? ಸಹಿ ನೋಡಿ ಹೌದು, ಅಲ್ಲ ಎನ್ನುವವರು ಯಾರು? ಇಷ್ಟು ವರ್ಷ ಇಲ್ಲಿದ್ದು ಮೊದಲ ಬಾರಿಗೆ ಹುಡುಕಿ ನೋಡಿದೆ. ನಮ್ಮಲ್ಲಿ ಚುನಾವಣೆ ಅಂದರೆ ದಿಲ್ಲಿಯಲ್ಲೊಂದು ಆಯೋಗವಿದೆ, ಬೈಯುವುದಕ್ಕೂ ಅದೊಂದೇ ವಿಳಾಸ. ಇಲ್ಲಿ ಹಾಗಲ್ಲ. ರಾಜ್ಯಕ್ಕೊಂದು ಕಾನೂನು, ಕೌಂಟಿಗೊಂದು ಆಫೀಸು. ಬ್ಯಾಲಟ್ ಅಚ್ಚು ಹಾಕಿಸಿ ಆಂಟಿಯ ಮನೆಗೆ ಕಳಿಸಿದ್ದು ನನ್ನ ಜೋಕಿನ ಅದೇ ಗುಮಾಸ್ತರ ಕಚೇರಿ. ಸಹಿ ತಾಳೆ ನೋಡುವ ಬೋರ್ಡಿಗೆ ಜನರನ್ನು ನೇಮಿಸುವವರು ಗವರ್ನರ್. ರಾಜ್ಯದ ಚುನಾವಣೆಗಳ ಮೇಲ್ವಿಚಾರಣೆ ಸೆಕ್ರೆಟರಿ ಆಫ್ ಸ್ಟೇಟ್ ಎಂಬುವವರದು. ನ್ಯೂಜೆರ್ಸಿಯಲ್ಲಿ ಅವರನ್ನೂ ಗವರ್ನರೇ ನೇಮಿಸುತ್ತಾರೆ. ಬೇರೆ ಎಷ್ಟೋ ರಾಜ್ಯಗಳಲ್ಲಿ ಆ ಕುರ್ಚಿಗೇ ಚುನಾವಣೆ ನಡೆಯುತ್ತದೆ, ಪಕ್ಷದ ಚಿಹ್ನೆ ಹಿಡಿದು. ಆಡುವವರೇ ಅಂಪೈರ್ ಆಗಲು ನಿಲ್ಲುತ್ತಾರೆ.

ಇಷ್ಟೆಲ್ಲ ನಮ್ಮ ಕೈಯಲ್ಲಿದೆ. ನಾವೇನು ಮಾಡುತ್ತೇವೆ? ಪ್ರೆಸಿಡೆಂಟ್ ಚುನಾವಣೆ ಬಂದರೆ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಸ್ನೇಹ ಮುರಿಯುವಷ್ಟು ಕಾದಾಡುತ್ತೇವೆ. ಗವರ್ನರ್ ಅಂದರೆ ಪ್ರಾಪರ್ಟಿ ಟ್ಯಾಕ್ಸ್ ಮಾತಾಡುತ್ತೇವೆ. ಚುನಾವಣೆ ನಡೆಸುವವರನ್ನು ಆರಿಸುವ ಸಾಲಿಗೆ ಬಂದಾಗ ನಮಗೆ ಆಫೀಸಿಗೆ ಹೊತ್ತಾಗಿರುತ್ತದೆ. ಯಾವನೋ ಒಬ್ಬ ಕಾಟಾಚಾರಕ್ಕೆ ಬಂದು ಕುಳಿತು, ತಿದ್ದಿಕೊಳ್ಳಲು ಕೊಡುವ ದಿನಗಳನ್ನು ಇನ್ನೂ ಕಡಿಮೆ ಮಾಡಿದರೆ? ಈ ತಿದ್ದುಪಡಿಯ ಕಾಗದವೇ ಬೇಡ ಎಂದರೆ? ನನಗೆ ಭಯವಾಗುತ್ತದೆ. ಭಯಕ್ಕಿಂತ ಹೆಚ್ಚಾಗಿ ನಾಚಿಕೆಯಾಗುತ್ತದೆ.

ಮನೆಯಲ್ಲಿ ಹೇಳಿದೆ. ಕಾಲೇಜಿಗೆ ಹೋಗುವ ಮಗಳು ನಿಧಿ ಲ್ಯಾಪ್‌ಟಾಪಿನಿಂದ ತಲೆ ಎತ್ತಿದಳು. "ಅಪ್ಪಾ, ಯು ಮೇಡ್ ಹರ್ ಚೇಂಜ್ ಹರ್ ಓನ್ ಸಿಗ್ನೇಚರ್?" ಎಂದಷ್ಟೇ ಕೇಳಿದಳು. ಮತ್ತೆ ತಲೆ ಬಗ್ಗಿಸಿದಳು.

ಆಂಟಿಗೆ ಹೇಳಲು ಮರುದಿನ ಹೋದೆ. ಸಂಜೆ ಐದಕ್ಕೇ ಕತ್ತಲಾಗಿತ್ತು. ಎಲ್ಲ ಕೇಳಿಸಿಕೊಂಡು ಆಂಟಿ ನೋಟಿಸಿನ ಮೇಲಿನ ಕುಂಕುಮವನ್ನು ಸೆರಗಿನ ತುದಿಯಿಂದ ಒರೆಸತೊಡಗಿದರು. ಅದು ಹೋಗಲಿಲ್ಲ, ಇನ್ನಷ್ಟು ಹರಡಿತು.

"ಎಲೆಕ್ಷನ್ ಡ್ಯೂಟಿಯೊಳಗ ಹೆಬ್ಬೆಟ್ಟು ಒತ್ತಾವ್ರನ್ನೂ ನಾ ಹಿಂದಕ ಕಳಿಸಿದಾಕಿ ಅಲ್ಲ," ಎಂದರು. ನೋಟಿಸನ್ನು ಮಡಚುತ್ತಾ, "ಅಂದ್ರ ನಂದು ಕುಲಗೆಟ್ಟ ವೋಟ್ ಆತು, ಹೌದಿಲ್ಲೊ?" ಎಂದರು.

ಕುಲಗೆಟ್ಟ ಮತ. ಎಣಿಕೆಯ ದಿನ ಅನರ್ಹ ವೋಟಿಗೆ ನಮ್ಮ ಕಡೆ ಬಳಸುತ್ತಿದ್ದ ಮಾತು. ರೇಡಿಯೋದಲ್ಲಿ ಕೇಳಿದಾಗಲೆಲ್ಲ ನಾನು ಮಜವಾಗಿದೆ ಎಂದುಕೊಳ್ಳುತ್ತಿದ್ದೆ. ಅವತ್ತು ಆಂಟಿಯ ಬಾಯಲ್ಲಿ ಕೇಳಿದಾಗ ತಲೆ ಎತ್ತಲಾಗಲಿಲ್ಲ.

"ಇರಲಿ. ಆ ಕ್ಲರ್ಕ್ ಯಾರು ಆದ್ರು? ಗೆದ್ದವ್ರ ಹೆಸರೇನು?"

ನನಗೆ ಗೊತ್ತಿರಲಿಲ್ಲ. ಮತಗಟ್ಟೆಗೆ ಹೋಗಿ ವೋಟು ಹಾಕಿದ ದಿನ ಗವರ್ನರ್‌ಗೆ ಗುಂಡಿ ಒತ್ತಿ, ಗುಮಾಸ್ತರ ಸಾಲನ್ನು ಖಾಲಿ ಬಿಟ್ಟು, ಆಫೀಸಿಗೆ ಓಡಿದವನು ನಾನು. ನನ್ನ ವೋಟು ಎಣಿಕೆಯಾಗಿದೆ. ಒಂದು ಸಾಲನ್ನೂ ಬಿಡದೆ ಓದಿಸಿಕೊಂಡು ತುಂಬಿದವರದು ಆಗಿಲ್ಲ.

ಈಗ ನೀವೇ ಹೇಳಿ, ಕುಲಗೆಟ್ಟ ವೋಟು ಯಾರದು?