ಬಸವಣ್ಣೆವ್ವ ಗುರುತಿಸಿದ ಬಿಳಿ ಅಣಬೆ

ದೇವಿಕೊಪ್ಪದ ಕಾಡಿನ ಅಣಬೆಗಳನ್ನು ಬಸವಣ್ಣೆವ್ವನಷ್ಟು ಬಲ್ಲವರು ಊರಿನಲ್ಲಿ ಇರಲಿಲ್ಲ. ಹೋದ ಆಷಾಢದಲ್ಲಿ, ಅವಳು ಕೂಲಿಗೆ ಹೋಗುತ್ತಿದ್ದ ಹೊಲದ ಒಡೆಯ ಕುಬೇರಪ್ಪ ಮತ್ತಿಮರದ ಕೆಳಗೆ ಸಿಕ್ಕ ಹಾಲುಬಿಳುಪಿನ ಅಣಬೆಗಳನ್ನು ತಂದು ಅವಳ ಮುಂದೆ ಸುರಿದ. ಅಂಥದ್ದನ್ನು ಅವಳು ಹುಡುಗಿಯಾಗಿದ್ದಾಗ ಒಮ್ಮೆ ಮಾತ್ರ, ಅವ್ವನ ಜೊತೆ ಕಂಡಿದ್ದಳು.

“ಬುಡದಾಗ ಚೀಲದಂಥ ಪೊರಿ ಐತ್ರಿ ಗೌಡ್ರ. ಇದು ವಿಷ. ಯಾರೂ ತಿನಬ್ಯಾಡ್ರಿ.”

“ನಾವು ಒಗದ ಮ್ಯಾಲೆ ಆರಿಸ್ಕೊಂಡು ಹೋಗಾಕ ಹಿಂಗಂತಿ,” ಎಂದ ಕುಬೇರಪ್ಪ. “ವಿಷ ಹೌದೋ ಅಲ್ಲೋ ತಿಂದು ತೋರಸು. ಇಲ್ಲಂದ್ರ ನಾಳಿಂದ ಹೊಲಕ್ಕ ಬರಬ್ಯಾಡ.”

ಅಂಗಳದಲ್ಲೇ ಬೇಯಿಸಿ ಕೊಟ್ಟರು. ಎರಡು ತುಂಡು ನುಂಗಿ ಅವಳು ಮನೆಗೆ ನಡೆದಳು. ಮರುದಿನ ಬೆಳಕು ಹರಿಯುವ ಮೊದಲೇ ವಾಂತಿ ಶುರುವಾಯಿತು. ಹದಿನೆಂಟು ದಿನ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನರಳಿ, ಹಳದಿಗಟ್ಟಿದ ಕಣ್ಣುಗಳೊಂದಿಗೆ ಹೇಗೋ ಬದುಕಿ ಬಂದಳು.

ಕುಬೇರಪ್ಪನ ಹೆಂಡತಿ ಶಾರದವ್ವ ನೋಡಲು ಬಂದವಳು ಹೊಸ್ತಿಲಾಚೆಯೇ ನಿಂತಳು.

“ಪುಣ್ಯಾ ಬಂತು ಬೇ. ನೀ ತಿನ್ನದಿದ್ರ ಮರುದಿನ ಬಂದ ನಮ್ಮ ಬೀಗರಿಗೇ ಬಡಿಸ್ತಿದ್ವಿ.”

ಬಸವಣ್ಣೆವ್ವ ಗೋಡೆಯ ಕಡೆ ಹೊರಳಿದಳು. ಅಣಬೆಯ ಗುರುತನ್ನು ಆಮೇಲೆ ಅವಳು ಯಾರಿಗೂ ಹೇಳಲಿಲ್ಲ. ಸ್ವಂತ ಮಗಳು ಸುಮಂಗಲಾ ಕೇಳಿದರೂ ಹೇಳಲಿಲ್ಲ.